ಘಟ್ಟದಂಚಿನ ಒಕ್ಕಲುಗಳ ಬೇಸಿಗೆ

ಚರಿತ್ರೆಯೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ರಾಜರ ಪಟ್ಟಾಭಿಷೇಕ, ದಂಡಯಾತ್ರೆ, ಒಪ್ಪಂದ ಮತ್ತು ಇಸವಿಗಳು. ಪರೀಕ್ಷೆಗೆ ಇವು ಬೇಕಾದುವೇ ಸರಿ. ಆದರೆ ಒಂದು ನಾಡಿನಲ್ಲಿ ನೂರಾರು ವರುಷ ಬಾಳಿದ ಜನ ಚೈತ್ರ ವೈಶಾಖಗಳ ಬಿಸಿಲನ್ನು ಹೇಗೆ ಕಳೆದರು, ಹಳ್ಳ ಬತ್ತಿದಾಗ ನೀರನ್ನು ಎಲ್ಲಿಂದ ತಂದರು, ಅದೇ ನೀರಿಗೆ ಆನೆಯೂ ಹುಲಿಯೂ ಬರುತ್ತಿದ್ದಾಗ ಮಕ್ಕಳನ್ನು ಹೇಗೆ ಸಾಕಿದರು ಎಂಬ ಪ್ರಶ್ನೆಗಳಿಗೂ ಚರಿತ್ರೆಯು ಉತ್ತರ ಹೇಳಬೇಕಲ್ಲವೆ? ಆಫ್ರಿಕ ಖಂಡದ ಹಳ್ಳಿಗಳ ವಿಷಯವನ್ನು ಓದುವಾಗ, ಅಲ್ಲಿನ ಸಂಸಾರಗಳು ಸುಡುಬಿಸಿಲಿನಲ್ಲಿ ಸಿಂಹ ಆನೆಗಳ ನೆರೆಯಲ್ಲಿ ಬಾಳುವುದನ್ನು ಕಂಡು ನಾವು ಬೆರಗಾಗುತ್ತೇವೆ. ಆ ಬೆರಗಿಗಾಗಿ ಕಡಲು ದಾಟಬೇಕಾಗಿಲ್ಲ. ನಮ್ಮ ಪೀಳಮೇಡಿನಿಂದ ಹೊರಟು ಅನ್ನೂರು, ಪುಳಿಯಂಪಟ್ಟಿಗಳನ್ನು ಹಾದು, ಸುಮಾರು ೭೦ ಕಿಲೋಮೀಟರು ದೂರದ ಸತ್ಯಮಂಗಲವನ್ನು ಸೇರಿ ಉತ್ತರಕ್ಕೆ ತಲೆಯೆತ್ತಿದರೆ ಘಟ್ಟಗಳ ಸಾಲು ಕಾಣುತ್ತದೆ. ಆ ಘಟ್ಟಗಳ ಮೇಲೆ ಕನ್ನಡವಾಡುವ ಒಕ್ಕಲುಗಳು ಇಂತಹ ಬಾಳನ್ನು ಶತಮಾನಗಳಿಂದ ಬಾಳಿಕೊಂಡು ಬಂದಿವೆ. ಅವರ ಬೇಸಿಗೆಯ ಚರಿತ್ರೆಯನ್ನು ಈ ಲೇಖನದಲ್ಲಿ ಅವಲೋಕಿಸೋಣ.

ಮೊದಲು ನಾಡಿನ ಎಲ್ಲೆಯನ್ನು ತಿಳಿದುಕೊಳ್ಳುವುದು ಉಚಿತ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟೀಪು ಸುಲ್ತಾನನು ಮಡಿದ ತರುವಾಯ ಕೊಯಮತ್ತೂರು ಸೀಮೆಯು ಇಂಗ್ಲಿಷ್ ಕಂಪೆನಿಯ ವಶವಾಯಿತು. ಘಟ್ಟದ ಮೇಲಿನ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯೊಳಗೇ ಸೇರಿತು. ಹೀಗಾಗಿ ಒಂದೂವರೆ ಶತಮಾನಕ್ಕೂ ಮಿಕ್ಕಿದ ಕಾಲ ಕೊಳ್ಳೇಗಾಲದ ರೈತನು ಅಹವಾಲು ಹಿಡಿದು ಮೈಸೂರಿಗೆ ಹೋಗದೆ ಕೊಯಮತ್ತೂರಿಗೆ ಬರಬೇಕಾಗಿತ್ತು. ೧೯೫೬ರ ನವೆಂಬರ್ ೧ರಂದು ಭಾಷಾನುಗುಣವಾಗಿ ರಾಜ್ಯಗಳು ಮರುವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿಯ ಸೀಮೆ ಮದರಾಸಿನಲ್ಲಿಯೇ ಉಳಿಯಿತು. ೧೯೭೯ರಲ್ಲಿ ಕೊಯಮತ್ತೂರು ಜಿಲ್ಲೆಯನ್ನು ಒಡೆದು ಪೆರಿಯಾರ್ ಜಿಲ್ಲೆಯನ್ನು ರಚಿಸಿದಾಗ ಸತ್ಯಮಂಗಲ, ತಾಳವಾಡಿ, ಬರಗೂರು ಬೆಟ್ಟಗಳು ಆ ಹೊಸ ಜಿಲ್ಲೆಗೆ ಸೇರಿದುವು. ಇಂದು ಅದಕ್ಕೆ ಈರೋಡು ಜಿಲ್ಲೆಯೆಂದು ಹೆಸರು.

ಪೀಳಮೇಡಿನ ಪಕ್ಕದಲ್ಲಿಯೇ ಒಂದು ಸಿಂಗಾನಲ್ಲೂರು ಇರುವುದನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಕೊಳ್ಳೇಗಾಲದ ಕಡೆಯಲ್ಲಿಯೂ ಒಂದು ಸಿಂಗಾನಲ್ಲೂರಿದೆ. ವರನಟ ರಾಜಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರ ಹೆಸರಿಗೆ ಹತ್ತಿದ ಊರು ಅದು. ರಾಜಕುಮಾರ್ ಅವರು ೧೯೨೯ರ ಏಪ್ರಿಲ್ ೨೪ರಂದು ಹುಟ್ಟಿದ್ದು ತಾಳವಾಡಿಯ ಸಮೀಪದ ಗಾಜನೂರಿನಲ್ಲಿ. ಆ ದಿನಗಳಲ್ಲಿ ಗಾಜನೂರೂ ಎರಡು ಸಿಂಗಾನಲ್ಲೂರುಗಳೂ ಕೊಯಮತ್ತೂರೆಂಬ ಒಂದೇ ಜಿಲ್ಲೆಯಲ್ಲಿದ್ದುವು. ಆದ್ದರಿಂದ ಘಟ್ಟದ ಒಕ್ಕಲುಗಳ ಚರಿತ್ರೆ ನಮ್ಮ ಜಿಲ್ಲೆಯ ಚರಿತ್ರೆಯೂ ಹೌದು. ಅದು ಪರದೇಶದ ವೃತ್ತಾಂತವೆಂದು ಯಾರೂ ಭಾವಿಸತಕ್ಕದ್ದಲ್ಲ.

ಈ ಘಟ್ಟಗಳಲ್ಲಿ ಜನರೂ ದನಗಳೂ ದಂಡುಗಳೂ ಇಳಿದು ಹತ್ತಿದ ಹಾದಿಗಳು ಹಲವು. ಮೋಯಾರು ಹೊಳೆಯ ಕಣಿವೆಗೆ ಇಳಿಯುವ ಗಜ್ಜಲಹಟ್ಟಿ ಕಣಿವೆಮಾರ್ಗವು ಮೈಸೂರಿನಿಂದ ಕೊಯಮತ್ತೂರಿಗೆ ಬರುವ ಹಳೆಯ ಹೆದ್ದಾರಿಯಾಗಿತ್ತು. ೧೭೯೦ರ ಸೆಪ್ಟೆಂಬರಿನಲ್ಲಿ ಟೀಪುವಿನ ಸೈನ್ಯವು ಈ ಹಾದಿಯಿಂದಲೇ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರೊಡನೆ ಕಾದಿತು. ಮೋಯಾರು ಭವಾನಿಗಳು ಕೂಡುವ ಎಡೆಯಲ್ಲಿ ಹೊಯ್ಸಳರ ದಂಡನಾಯಕರ ಹೆಸರನ್ನು ಹೊತ್ತ ದಣ್ಣಾಯಕನ ಕೋಟೆಯಿತ್ತು. ೧೯೫೫ರಲ್ಲಿ ಪೂರ್ಣಗೊಂಡ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿತು. ಪೂರ್ವದಲ್ಲಿ ಕೊಳ್ಳೇಗಾಲದಿಂದ ಕಾವೇರಿಪುರಕ್ಕೆ ಇಳಿಯುವ ಮತ್ತೊಂದು ಘಟ್ಟವಿತ್ತು. ೧೮೦೦ರಲ್ಲಿ ಫ್ರಾನ್ಸಿಸ್ ಬುಕಾನನ್ ಅವರು ಕಂಪೆನಿ ಸರಕಾರದ ಆಜ್ಞೆಯಂತೆ ಈ ಸೀಮೆಗಳನ್ನು ಸುತ್ತಿ, ಆ ಘಟ್ಟವನ್ನಿಳಿದು ಕೊಯಮತ್ತೂರಿಗೆ ಬಂದರು. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವರ ಪ್ರವಾಸಗ್ರಂಥದಲ್ಲಿ ಬೆಳೆ, ತೆರಿಗೆ, ಕೈಕಸಬುಗಳ ವಿವರದೊಂದಿಗೆ ಬೆಟ್ಟದ ಸೋಲಿಗರ ಪ್ರಸ್ತಾಪವೂ ಬರುತ್ತದೆ. ಮೈಗೆ ಸಾಕಷ್ಟು ಬಟ್ಟೆಯಿಲ್ಲದೆ, ರಾತ್ರಿ ಬೆಂಕಿಯ ಸುತ್ತ ಮಲಗಿ ಕಾಲ ಕಳೆಯುವ ಜನರೆಂದು ಅವರು ಸೋಲಿಗರನ್ನು ಬಣ್ಣಿಸಿದ್ದಾರೆ. ದಾರಿಹೋಕನ ಕಣ್ಣಿಗೆ ಕಂಡದ್ದು ಅಷ್ಟು. ಆ ಬೆಂಕಿಯ ಸುತ್ತ ಮಲಗಿದ್ದವರಿಗೆ ಏನೇನು ತಿಳಿದಿತ್ತೆಂಬುದು ಆ ಪುಟಗಳಲ್ಲಿಲ್ಲ.

ಘಟ್ಟದ ಕೆಳಗಿನ ಬಯಲಿಗೂ ಮೇಲಿನ ತಾಳವಾಡಿಯ ತಪ್ಪಲಿಗೂ ಬೇಸಿಗೆಯಲ್ಲಿ ವ್ಯತ್ಯಾಸವುಂಟು. ಕೆಳಗೆ ಸತ್ಯಮಂಗಲ ಭವಾನಿಗಳ ಬಯಲಿನಲ್ಲಿ ಮೇ ತಿಂಗಳ ಕತ್ತರಿ ಬಿಸಿಲು ನೆಲವನ್ನು ಕಾದ ಹೆಂಚಿನಂತೆ ಮಾಡುತ್ತದೆ. ಮೇಲೆ ಗಾಳಿ ತುಸು ತಂಪು. ಆದರೆ ಅದು ಮಳೆನೆರಳಿನ ಸೀಮೆ. ಮಾಘ ಫಾಲ್ಗುಣಗಳಲ್ಲಿ ಮರಗಳು ಎಲೆಯುದುರಿಸುತ್ತವೆ. ಕಾಡೆಲ್ಲ ಬೂದುಬಣ್ಣಕ್ಕೆ ತಿರುಗಿ ಹಳ್ಳಗಳು ಮರಳಿನ ದಾರಿಗಳಾಗುತ್ತವೆ. ರೇವತಿ, ಅಶ್ವಿನಿ, ಭರಣಿಯ ಮಳೆಗಳು ಹನಿದರೆ ಬದುಕು, ಹನಿಯದಿದ್ದರೆ ಬರ. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವು ಮೈಸೂರು ಸೀಮೆಯನ್ನೂ ಕೊಯಮತ್ತೂರು ಜಿಲ್ಲೆಯನ್ನೂ ಒಟ್ಟಿಗೇ ಹಿಂಡಿತು. ಅಂತಹ ವರುಷಗಳಲ್ಲಿ ಕಾಡಿನ ಗೆಡ್ಡೆಗೆಣಸು, ಸೊಪ್ಪು, ಬಿದಿರು ಹೂಬಿಟ್ಟು ಸತ್ತಾಗ ಉದುರಿದ ಬಿದಿರಕ್ಕಿ, ಇವು ಬಡವರ ಪ್ರಾಣವನ್ನು ಹಿಡಿದು ನಿಲ್ಲಿಸುತ್ತಿದ್ದುವು. ಯಾವ ಗೆಡ್ಡೆಯನ್ನು ಎಷ್ಟು ಸಲ ಬೇಯಿಸಿ ನೀರು ಬಸಿದರೆ ವಿಷ ಹೋಗುತ್ತದೆಂಬುದು ಮನೆಯ ಹೆಂಗಸರಿಗೆ ಗೊತ್ತಿದ್ದ ಶಾಸ್ತ್ರ. ಅದನ್ನು ಬರೆದಿಟ್ಟ ಓಲೆಗರಿ ಇರಲಿಲ್ಲ.

ಬೇಸಿಗೆಯಲ್ಲಿ ಹೊಲಕ್ಕೆ ವಿಶ್ರಾಂತಿ, ಮನೆಗೆ ದುಡಿಮೆ. ಪುಷ್ಯಮಾಸದೊಳಗೆ ರಾಗಿ ಕಣ ಮುಗಿದು ಕಾಳು ಹಗೇವಿಗೆ ಸೇರಿರುತ್ತಿತ್ತು. ನೆಲದೊಳಗಿನ ಈ ಕಣಜದಲ್ಲಿ ರಾಗಿಯು ಹುಳು ಹಿಡಿಯದೆ ವರುಷಗಟ್ಟಲೆ ಉಳಿಯುವುದರಿಂದ ಒಂದು ವರುಷದ ಮಳೆ ಮತ್ತೊಂದು ವರುಷದ ಬರಕ್ಕೆ ಊಟವಾಗುತ್ತಿತ್ತು. ಆಮೇಲೆ ಹುಣಸೆ ಬಡಿದು, ಸಿಪ್ಪೆ ತೆಗೆದು, ಬೀಜ ಬಿಡಿಸಿ ಉಂಡೆ ಕಟ್ಟುವ ಕೆಲಸ. ಸೀಗೆಕಾಯಿ ಒಣಗಿಸುವುದು, ಮಾಡಿನ ಹಳೆಯ ಹುಲ್ಲನ್ನು ತೆಗೆದು ಮಳೆಗೆ ಮುಂಚೆ ಹೊಸದನ್ನು ಹೊದಿಸುವುದು, ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಸಾಗಿಸುವುದು, ಮದುವೆಗಳ ಮಾತು, ನೆಂಟರ ಬರವು, ಎಲ್ಲವೂ ಈ ತಿಂಗಳುಗಳಲ್ಲಿಯೇ. ದಪ್ಪನೆಯ ಮಣ್ಣಿನ ಗೋಡೆ, ತಗ್ಗಾದ ಹುಲ್ಲುಮಾಡು, ಕೈಯಗಲದ ಬೆಳಕಿಂಡಿಗಳಿಂದ ಮನೆಯೊಳಗೆ ಹಗಲೂ ತಂಪು. ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ ಕುಡಿಯುವ ನೀರು. ಹಿಂದಿನ ರಾತ್ರಿ ಕಾಸಿಟ್ಟ ರಾಗಿಯ ಅಂಬಲಿಗೆ ಬೆಳಗ್ಗೆ ಮಜ್ಜಿಗೆ ಬೆರೆಸಿ, ಈರುಳ್ಳಿ ನಂಚಿಕೊಂಡು ಕುಡಿದರೆ ಸೂರ್ಯ ನೆತ್ತಿಗೇರುವ ತನಕ ಹೊಟ್ಟೆಗೆ ಚಿಂತೆಯಿಲ್ಲ. ಪಾತ್ರೆಗಳಿಗೆ ಬೂದಿಯೇ ನೀರಿನ ಬದಲು. ದನಗಳಿಗೆ ಕುಡಿಸಿ ಮಿಕ್ಕಿದ ನೀರು ಹಿತ್ತಲಿನ ಸೋರೆಬಳ್ಳಿಗೆ.

ಈ ಗೃಹಕೃತ್ಯಗಳೆಲ್ಲದರ ನಡುವೆ ಮುಖ್ಯವಾದದ್ದು ನೀರು. ಹಳ್ಳ ಬತ್ತಿದ ಮೇಲೆ ಮರಳನ್ನು ತೋಡಿ ಒರತೆ ಮಾಡಬೇಕು. ಎಲ್ಲಿ ತೋಡಿದರೆ ಮೊಳದೊಳಗೆ ನೀರು ಜಿನುಗುತ್ತದೆ, ಎಲ್ಲಿ ಆಳುದ್ದ ಅಗೆದರೂ ಒಣ ಮರಳೇ ಎಂಬುದು ಹಿರಿಯರ ನೆನಪಿನಲ್ಲಿರುವ ಸಂಗತಿ. ಈ ವಿದ್ಯೆಯನ್ನು ಮನುಷ್ಯನೊಂದಿಗೆ ಹಂಚಿಕೊಂಡಿರುವ ಪ್ರಾಣಿಯೊಂದುಂಟು; ಅದು ಆನೆ. ಬತ್ತಿದ ಹೊಳೆಯ ಪಾತ್ರದಲ್ಲಿ ಅದು ಕಾಲಿನಿಂದ ಕೆದಕಿ, ಸೊಂಡಿಲಿನಿಂದ ಮರಳೆತ್ತಿ ಗುಂಡಿ ಮಾಡಿ ನೀರು ಕುಡಿಯುತ್ತದೆ. ಅದು ಹೋದ ಮೇಲೆ ಜಿಂಕೆ, ಕಾಡುಹಂದಿ, ಹಕ್ಕಿಗಳು ಅದೇ ಗುಂಡಿಯಲ್ಲಿ ಬಾಯಾರಿಕೆ ನೀಗಿಕೊಳ್ಳುತ್ತವೆ. ಮನುಷ್ಯನಿಗೂ ಆ ಗುಂಡಿಯೇ ನೀರಿನ ಗುರುತು. ಬೆಳೆದ ಆನೆಯೊಂದಕ್ಕೆ ದಿನಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ಒಂದು ಹಿಂಡು ಕುಡಿದೆದ್ದ ಮೇಲೆ ಸಣ್ಣ ಕುಂಟೆಯಲ್ಲಿ ಕೆಸರಲ್ಲದೆ ಬೇರೇನೂ ಉಳಿಯದು.

ಒಂದೇ ನೀರಿಗೆ ಇಷ್ಟು ಬಾಯಿಗಳು ಬರುವಾಗ ಜಗಳವಾಗದಂತೆ ನೋಡಿಕೊಳ್ಳುವ ಉಪಾಯವೇನು? ನಮ್ಮ ಒಕ್ಕಲುಗಳು ಕಂಡುಕೊಂಡ ಉಪಾಯವೆಂದರೆ ಹೊತ್ತಿನ ಪಾಲು. ಬಿಸಿಲೇರಿದ ಹೊತ್ತು ಮನುಷ್ಯನದು ಮತ್ತು ದನದ್ದು. ಬೈಗಿನಿಂದ ಬೆಳಗಿನ ವರೆಗೆ ಕಾಡಿನದು. ಹೊತ್ತಿಳಿದ ಮೇಲೆ ಕೊಡ ಹಿಡಿದು ಹಳ್ಳಕ್ಕೆ ಇಳಿಯಬಾರದು. ಹೆಂಗಸರು ಒಬ್ಬೊಬ್ಬರಾಗಿ ಹೋಗದೆ ಮಾತಾಡುತ್ತ ಗುಂಪಾಗಿ ಹೋಗಬೇಕು. ಮಕ್ಕಳು ನಡುವೆ ನಡೆಯಬೇಕು. ತಿರುವಿನಲ್ಲಿ ಕೆಮ್ಮಿ, ಕೂಗಿ, ತಮ್ಮ ಬರವನ್ನು ತಿಳಿಸಬೇಕು. ಮಗುವೊಂದು ಹಟ ಹಿಡಿದು ಬೈಗಿನಲ್ಲಿ ಹೊರಟರೆ ಅಜ್ಜಿ ಗದರಿಸುತ್ತಿದ್ದುದು ಹೆದರಿಸುವುದಕ್ಕಾಗಿ ಮಾತ್ರವಲ್ಲ. ಅದು ಊರಿನ ಕಟ್ಟಳೆಯ ಪಾಠವಾಗಿತ್ತು.

ಮನುಷ್ಯರ ಕುಟುಂಬಕ್ಕೂ ಆನೆಯ ಹಿಂಡಿಗೂ ಇಲ್ಲಿ ಒಂದು ಹೋಲಿಕೆಯನ್ನು ಗಮನಿಸಬಹುದು. ಆನೆಯ ಹಿಂಡನ್ನು ನಡೆಸುವುದು ವಯಸ್ಸಾದ ಹೆಣ್ಣಾನೆ. ಮಗಳು, ಮೊಮ್ಮಗಳು, ಮರಿಗಳು ಅವಳ ಹಿಂದೆ. ಗಂಡುಮರಿಗಳು ಪ್ರಾಯಕ್ಕೆ ಬಂದಾಗ ಹಿಂಡನ್ನು ಬಿಟ್ಟು ಬೇರೆಯಾಗುತ್ತವೆ. ಹಿರಿಯಳ ಬೆಲೆಯೇನೆಂಬುದಕ್ಕೆ ಆಫ್ರಿಕದಿಂದ ಒಂದು ಸಾಕ್ಷ್ಯವಿದೆ. ೧೯೯೩ರಲ್ಲಿ ತಾಂಜೇನಿಯ ದೇಶದ ತರಂಗಿರೆ ರಾಷ್ಟ್ರೀಯ ಉದ್ಯಾನದಲ್ಲಿ ಕಡುಬರ ಬಿತ್ತು. ಅಲ್ಲಿಯ ಆನೆಗಳಲ್ಲಿ ಕೆಲವು ಹಿಂಡುಗಳು ಉದ್ಯಾನವನ್ನು ಬಿಟ್ಟು ನೀರು ಮೇವುಗಳಿರುವ ಕಡೆಗೆ ಹೊರಟುಹೋದುವು. ಕೆಲವು ಅಲ್ಲಿಯೇ ನಿಂತುವು. ಹೊರಟುಹೋದ ಹಿಂಡುಗಳಲ್ಲಿ ಸತ್ತ ಮರಿಗಳು ಕಡಿಮೆ. ನಿಂತ ಹಿಂಡುಗಳಲ್ಲಿ ಹೆಚ್ಚು. ವಿಜ್ಞಾನಿಗಳು ವಿಚಾರಿಸಿ ನೋಡಿದಾಗ, ಹೊರಟ ಹಿಂಡುಗಳಲ್ಲಿ ೧೯೫೮ರಿಂದ ೧೯೬೧ರ ವರೆಗಿನ ಹಿಂದಿನ ಬರವನ್ನು ಕಂಡಿರಬಹುದಾದಷ್ಟು ವಯಸ್ಸಿನ ಹೆಣ್ಣಾನೆಗಳಿದ್ದುದು ತಿಳಿದುಬಂತು. ನಿಂತ ಹಿಂಡು, ಹಿಂದೆ ಕಳ್ಳಬೇಟೆಯಲ್ಲಿ ಹಿರಿಯ ಆನೆಗಳನ್ನು ಕಳೆದುಕೊಂಡದ್ದಾಗಿತ್ತು. ಹಿರಿಯಳು ಸತ್ತರೆ ನೀರಿನ ದಾರಿಯೂ ಸಾಯುತ್ತದೆ, ಅದರ ಫಲವನ್ನು ಮರಿಗಳು ಉಣ್ಣುತ್ತವೆ ಎಂಬುದು ಇದರ ತಾತ್ಪರ್ಯ. ಒರತೆಯ ಜಾಗವನ್ನು ಬಲ್ಲ ಘಟ್ಟದ ಅಜ್ಜಿಗೂ ಈ ಮಾತು ಸಲ್ಲುತ್ತದೆ.

ಬೆಟ್ಟದ ಇನ್ನೊಂದು ಮಗ್ಗುಲಿಗೆ, ಪೂರ್ವದ ಬರಗೂರು ಬೆಟ್ಟಗಳಿಗೆ ಈಗ ಹೋಗೋಣ. ಅಂದಿಯೂರಿನಿಂದ ಮೇಲೇರಿದರೆ ಸಿಕ್ಕುವ ಈ ಬೆಟ್ಟಗಳಲ್ಲಿ ಕನ್ನಡವಾಡುವ ಲಿಂಗಾಯತ ಒಕ್ಕಲುಗಳು ಬಹುಕಾಲದಿಂದ ದನ ಸಾಕಿಕೊಂಡು ಬಂದಿವೆ. ಅವರು ಸಾಕುವ ಬರಗೂರು ತಳಿಯ ದನವು ಕೆಂಗಂದು ಮೈಯ ಮೇಲೆ ಬಿಳಿಯ ಮಚ್ಚೆಗಳುಳ್ಳದ್ದು. ಹಾಲು ಕಡಿಮೆ, ನಡಿಗೆ ಚುರುಕು, ಸ್ವಭಾವ ಒರಟು. ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ಕಾಡಿನೊಳಗೆ ಮುಳ್ಳುಬೇಲಿ ಕಟ್ಟಿ ಮಾಡಿದ ಪಟ್ಟಿಗಳಲ್ಲಿ ಅವುಗಳನ್ನು ರಾತ್ರಿ ಕೂಡುತ್ತಾರೆ. ಮನೆಯ ಗಂಡಸರಲ್ಲಿ ಒಬ್ಬಿಬ್ಬರು ಪಟ್ಟಿಯಲ್ಲಿಯೇ ತಿಂಗಳುಗಟ್ಟಲೆ ಉಳಿಯುತ್ತಾರೆ. ಮೇವಿರುವೆಡೆಗೆ ಹಿಂಡು, ಹಿಂಡಿರುವೆಡೆಗೆ ಮನುಷ್ಯ. ಊರಿನಲ್ಲಿ ಉಳಿದ ಹೆಂಗಸರು ಮಕ್ಕಳು ಹಿಟ್ಟು, ಉಪ್ಪು, ಮೆಣಸಿನಕಾಯಿಗಳನ್ನು ಕಳುಹಿಸಿ ಸಂಸಾರದ ಎರಡು ತುದಿಗಳನ್ನು ಕೂಡಿಸುತ್ತಾರೆ. ಹಾಲಿಗಿಂತ ಗೊಬ್ಬರ ಮತ್ತು ಹೋರಿಕರುಗಳ ಮಾರಾಟದಿಂದಲೇ ಅವರ ಆದಾಯ. ಆಷಾಢದಲ್ಲಿ ಅಂದಿಯೂರಿನ ಗುರುನಾಥಸ್ವಾಮಿಯ ಜಾತ್ರೆಯಲ್ಲಿ ಈ ದನಗಳು ಮಾರಾಟಕ್ಕೆ ಬರುತ್ತವೆ. ಪೂರ್ವ ಆಫ್ರಿಕದ ಮಸಾಯಿ ಜನರು ಜಾಲಿಮುಳ್ಳಿನ ಸುತ್ತುಬೇಲಿಯೊಳಗೆ ದನಗಳನ್ನು ಕೂಡಿ ಸಿಂಹದಿಂದ ಕಾಯುವ ಬಗೆಯನ್ನು ಓದಿದವರಿಗೆ ನಮ್ಮ ಪಟ್ಟಿಯು ಅದರ ತಂಗಿಯಂತೆ ತೋರುವುದು. ಪರಸ್ಪರ ಕೇಳಿ ಕಲಿಯದ ಇಬ್ಬರು ದನಗಾಹಿಗಳು ಒಂದೇ ಬಗೆಯ ಅಪಾಯಕ್ಕೆ ಒಂದೇ ಬಗೆಯ ಉತ್ತರವನ್ನು ಕಂಡುಕೊಂಡಿದ್ದಾರೆ.

ಸೋಲಿಗರ ಪೋಡುಗಳಲ್ಲಿ ಬೇಸಿಗೆಯ ಮುಖ್ಯ ವಿದ್ಯೆ ಬೆಂಕಿ. ಬಿಸಿಲು ಬಲಿಯುವ ಮೊದಲೇ, ಇಬ್ಬನಿಯ ಪಸೆ ಇನ್ನೂ ಇರುವಾಗ, ಅವರು ಕಾಡಿನ ತರಗೆಲೆಗೆ ಸಣ್ಣ ಬೆಂಕಿಯಿಡುತ್ತಿದ್ದರು. ಇದಕ್ಕೆ ತರಗುಬೆಂಕಿಯೆಂದು ಹೆಸರು. ನೆಲಮಟ್ಟದಲ್ಲಿಯೇ ಓಡಿ ಆರಿಹೋಗುವ ಈ ಬೆಂಕಿಯಿಂದ ಹೊಸ ಹುಲ್ಲು ಚಿಗುರಿ ಜಿಂಕೆ ಕಾಟಿಗಳಿಗೆ ಮೇವಾಗುತ್ತಿತ್ತು, ದಾರಿ ಕಾಣುತ್ತಿತ್ತು, ನಡುಬೇಸಿಗೆಯಲ್ಲಿ ಮರದ ತುದಿಗೇರುವ ಕಾಳ್ಗಿಚ್ಚಿಗೆ ಸೌದೆ ಉಳಿಯುತ್ತಿರಲಿಲ್ಲ. ಅರಣ್ಯ ಕಾನೂನು ಈ ಬೆಂಕಿಯನ್ನು ಅಪರಾಧವೆಂದು ನಿಷೇಧಿಸಿತು. ತರಗುಬೆಂಕಿ ನಿಂತ ಮೇಲೆ ಲಂಟಾನದ ಪೊದೆ ಕಾಡೆಲ್ಲ ತುಂಬಿತು, ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿತು ಎಂದು ಸೋಲಿಗರ ಹಿರಿಯರು ಹೇಳುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಅಧ್ಯಯನ ನಡೆಸಿದ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಬುಕಾನನ್ ಅವರು ಕಂಡ ಬೆಂಕಿಯ ಸುತ್ತಿನ ಜನರಿಗೆ ತಿಳಿದಿದ್ದುದರಲ್ಲಿ ಇದೊಂದು.

ಈ ಜನ ದೇವರನ್ನೂ ನೆಂಟಸ್ತಿಕೆಯಿಂದಲೇ ಕಂಡರು. ಬಿಳಿಗಿರಿಯ ರಂಗನಾಥನು ಸೋಲಿಗರ ಕನ್ಯೆ ಕುಸುಮಾಲೆಯನ್ನು ವರಿಸಿದನೆಂಬ ಐತಿಹ್ಯದಿಂದ ಅವನು ಸೋಲಿಗರಿಗೆ ರಂಗಭಾವ. ಎಪ್ಪತ್ತೇಳು ಮಲೆಯ ಮಾದೇಶ್ವರನಿಗೆ ಹುಲಿಯೇ ವಾಹನ. ಯುಗಾದಿಯ ಜಾತ್ರೆಗೆ ಕೊಳ್ಳೇಗಾಲದ ಕಡೆಯಿಂದಲೂ ತಮಿಳುನಾಡಿನ ಕಡೆಯಿಂದಲೂ ಪರಸೆಯ ಜನ ಕಾಡುದಾರಿಯಲ್ಲಿ, ಬೇಸಿಗೆಯ ಬಿಸಿಲಿನಲ್ಲಿ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ಘಟ್ಟದ ಬುಡದಲ್ಲಿರುವ ಬಣ್ಣಾರಿಯಮ್ಮನ ಕೊಂಡವೂ ಸುಮಾರು ಇದೇ ಕಾಲದ್ದು; ಅಲ್ಲಿಗೆ ಕನ್ನಡಿಗರೂ ತಮಿಳರೂ ಕೂಡಿಯೇ ಬರುತ್ತಾರೆ. ಹುಲಿಯ ಮೇಲೆ ಕುಳಿತ ದೇವರನ್ನು ನಂಬಿದ ಮನೆಯಲ್ಲಿ ಬೆಳೆದ ಮಗುವಿಗೆ ಹುಲಿಯ ಭಯ ಇರಲಿಲ್ಲವೆಂದಲ್ಲ. ಆದರೆ ಹುಲಿಗೂ ಈ ಬೆಟ್ಟದಲ್ಲಿ ಒಂದು ಜಾಗವುಂಟೆಂಬ ತಿಳಿವು ಅದರ ಜೊತೆಗೇ ಬೆಳೆಯುತ್ತಿತ್ತು.

ಈ ಬಾಳನ್ನು ಸ್ವರ್ಗವೆಂದು ಬಣ್ಣಿಸುವುದು ಸತ್ಯಕ್ಕೆ ದೂರ. ಮಲೇರಿಯ ಜ್ವರವು ಈ ತಪ್ಪಲುಗಳ ಹಸುಗೂಸುಗಳನ್ನು ಹುಲಿಗಿಂತ ಹೆಚ್ಚಾಗಿ ನುಂಗಿತು. ರಾಗಿ ಹಾಲುತುಂಬುವ ಕಾರ್ತಿಕ ಮಾರ್ಗಶಿರಗಳಲ್ಲಿ ಅಟ್ಟಣೆಯ ಮೇಲೆ ಕುಳಿತು, ತಮಟೆ ಬಡಿದು, ಪಂಜು ಬೀಸಿ ಕಾವಲು ಕಾಯುವವರು ತಿಂಗಳುಗಟ್ಟಲೆ ನಿದ್ರೆಗೆಡುತ್ತಿದ್ದರು. ಒಂದೇ ರಾತ್ರಿ ಆನೆ ಹೊಕ್ಕರೆ ವರುಷದ ಅನ್ನ ಮಣ್ಣುಪಾಲು. ಕಾಲ್ತುಳಿತಕ್ಕೆ ಸಿಕ್ಕಿ ಸತ್ತವರ ಮನೆಗಳು ಪ್ರತಿಯೊಂದು ಊರಿನಲ್ಲಿಯೂ ಇದ್ದುವು. ಆದರೆ ಈ ಕಷ್ಟಗಳ ಕಥೆಯನ್ನು ಬರೆದವರು ಬಹುಪಾಲು ಬೇಟೆಗಾರರು. ಚಾಮರಾಜನಗರದ ಸೀಮೆಯಲ್ಲಿ ಖೆಡ್ಡ ನಡೆಸಿ ಆನೆ ಹಿಡಿದ ಸ್ಯಾಂಡರ್ಸನ್ ಅವರ ಗ್ರಂಥ ೧೮೭೮ರಲ್ಲಿಯೂ, ದಕ್ಷಿಣದ ಕಾಡುಗಳಲ್ಲಿ ನರಭಕ್ಷಕಗಳನ್ನು ಬೇಟೆಯಾಡಿದ ಕೆನೆತ್ ಆಂಡರ್ಸನ್ ಅವರ ಮೊದಲ ಪುಸ್ತಕ ೧೯೫೪ರಲ್ಲಿಯೂ ಹೊರಬಂದುವು. ಅವು ರೋಚಕವಾದ ಗ್ರಂಥಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳಲ್ಲಿ ಹಳ್ಳಿಯವರು ಸುದ್ದಿ ತರುವವರು, ದಾರಿ ತೋರುವವರು. ಬೇಟೆ ಮುಗಿದೊಡನೆ ಪುಟದಿಂದ ಮರೆಯಾಗುತ್ತಾರೆ. ಬೇಟೆಗಾರನು ಹೊರಟುಹೋದ ಮೇಲೆ ಮರುದಿನ ಅದೇ ಹಳ್ಳಕ್ಕೆ ನೀರಿಗೆ ಹೋಗಬೇಕಾದವಳ ಮಾತು ಯಾವ ಗ್ರಂಥದಲ್ಲಿಯೂ ಬಂದಿಲ್ಲ. ೧೮೮೭ರ ನಿಕಲ್ಸನ್ ಅವರ ಕೊಯಮತ್ತೂರು ಜಿಲ್ಲೆಯ ಕೈಪಿಡಿಯಂತಹ ದೊಡ್ಡ ಗ್ರಂಥವೂ ಸರಕಾರದ ಕಣ್ಣಿನಿಂದ ನಾಡನ್ನು ನೋಡಿ ಬರೆದದ್ದು.

ಕಳೆದ ಶತಮಾನದಲ್ಲಿ ಈ ಪಾಲುಗಾರಿಕೆಯ ಒಂದೊಂದು ಕಂಬವೂ ಅಲುಗಿತು. ೧೮೮೨ರ ಮದರಾಸು ಅರಣ್ಯ ಕಾನೂನಿನಿಂದ ಕಾಡು ಸರಕಾರದ್ದಾಯಿತು. ಕುಮರಿ ಬೇಸಾಯ ನಿಂತಿತು. ಮೋಯಾರು ಭವಾನಿಗಳ ಕೂಡಲು ಅಣೆಕಟ್ಟಿನ ನೀರಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ತರುವಾಯ ಬಿಳಿಗಿರಿರಂಗನ ಬೆಟ್ಟ ೧೯೭೪ರಲ್ಲಿ ಅಭಯಾರಣ್ಯವಾಯಿತು; ಸತ್ಯಮಂಗಲದ ಕಾಡು ೨೦೧೩ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ನಡುವಿನ ದಶಕಗಳಲ್ಲಿ ವೀರಪ್ಪನ್ ಎಂಬ ದಂತಚೋರನ ಹಾವಳಿ. ೨೦೦೦ದ ಜುಲೈ ೩೦ರ ರಾತ್ರಿ ಗಾಜನೂರಿನ ಮನೆಯಿಂದಲೇ ರಾಜಕುಮಾರ್ ಅವರ ಅಪಹರಣವಾದಾಗ ಈ ಕಾಡು ನಾಡಿಗೆಲ್ಲ ಸುದ್ದಿಯಾಯಿತು. ಆದರೆ ಅದಕ್ಕಿಂತ ಮೊದಲೇ ಬೆಟ್ಟದ ಒಕ್ಕಲುಗಳು ಒಂದು ಕಡೆ ಅವನಿಗೂ ಮತ್ತೊಂದು ಕಡೆ ಪಡೆಗಳಿಗೂ ಹೆದರಿ ಬಾಳಿದ್ದುವು. ಪಡೆಗಳು ನಡೆಸಿದುವೆಂಬ ಅತ್ಯಾಚಾರಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಬೇಕಾಯಿತು. ಕಾಡಿಗೆ ಹೋಗಲು ಅಂಜಿದ ಆ ವರುಷಗಳಲ್ಲಿ ಅನೇಕ ಮಕ್ಕಳು ತಂದೆಯ ಜೊತೆ ಪಟ್ಟಿಗೂ ಅಜ್ಜಿಯ ಜೊತೆ ಒರತೆಗೂ ಹೋಗದೆಯೇ ಬೆಳೆದರು.

ಇವೆಲ್ಲಕ್ಕಿಂತ ಸದ್ದಿಲ್ಲದೆ ಆದ ಬದಲಾವಣೆಯೊಂದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಹಿಂದೆ ಬೇಸಿಗೆಯಲ್ಲಿ ಹೊಲ ಬರಿದು. ಬರಿಯ ಹೊಲದಲ್ಲಿ ಆನೆಗೆ ಏನು ಕೆಲಸ? ಅದು ಮೋಯಾರಿನಂತಹ ಹೊಳೆಗಳ ಕಣಿವೆಗೆ ಇಳಿದಿರುತ್ತಿತ್ತು. ಕೊಳವೆ ಬಾವಿಗಳು ಬಂದ ಮೇಲೆ ತಾಳವಾಡಿಯ ಹೊಲಗಳಲ್ಲಿ ಬಾಳೆ, ಕಬ್ಬು, ಕೋಸು ಬೇಸಿಗೆಯಲ್ಲಿಯೂ ಹಸಿರಾಗಿ ನಿಂತುವು. ಸುತ್ತಲಿನ ಕಾಡು ಬೂದಿಯಂತಿರುವಾಗ ನಡುವೆ ಹಸಿರೂ ನೀರೂ ಕಂಡರೆ ಆನೆ ಬಾರದಿರುವುದೆಂತು? ಮೂರು ತಿಂಗಳ ಕಾವಲು ಹನ್ನೆರಡು ತಿಂಗಳ ಕಾವಲಾಯಿತು. ೧೯೮೦ರ ದಶಕದಲ್ಲಿ ಇದೇ ಚಾಮರಾಜನಗರ ಸತ್ಯಮಂಗಲಗಳ ಕಾಡಿನಲ್ಲಿ ಆನೆಗಳನ್ನು 'ಓದಿದ' ವಿಜ್ಞಾನಿ ರಾಮನ್ ಸುಕುಮಾರ್ ಅವರು, ಹೆಣ್ಣಾನೆಗಳ ಹಿಂಡಿಗಿಂತ ಒಂಟಿ ಗಂಡಾನೆಗಳು ಹಲವು ಪಟ್ಟು ಹೆಚ್ಚಾಗಿ ಬೆಳೆಗೆ ನುಗ್ಗುವುವೆಂದು ಲೆಕ್ಕವಿಟ್ಟು ತೋರಿಸಿದರು. ಕಂದಕ, ವಿದ್ಯುತ್ ಬೇಲಿಗಳು ಬಂದುವು. ಅಕ್ರಮವಾಗಿ ಹರಿಸಿದ ವಿದ್ಯುತ್ತಿಗೆ ಆನೆಗಳು ಬಲಿಯಾದುವು. ಕೀನ್ಯ ದೇಶದ ರೈತರು ಹೊಲದ ಸುತ್ತ ಜೇನುಪೆಟ್ಟಿಗೆಗಳನ್ನು ತೂಗುಹಾಕಿ ಆನೆಗಳನ್ನು ದೂರವಿಡುವ ಉಪಾಯವನ್ನು ಪರೀಕ್ಷಿಸಿದ್ದಾರೆ. ಜೇನನ್ನು ಚೆನ್ನಾಗಿ ಬಲ್ಲ ನಮ್ಮ ಬೆಟ್ಟದ ಜನಕ್ಕೆ ಇದು ವಿಚಾರಯೋಗ್ಯವಾದ ಸಂಗತಿ.

ಹೊತ್ತಿನ ಪಾಲಿನ ಹಳೆಯ ಕಟ್ಟಳೆಯು ವಿಚಿತ್ರವಾದ ರೀತಿಯಲ್ಲಿ ಮರಳಿ ಬಂದಿರುವುದನ್ನೂ ನೋಡುತ್ತಿದ್ದೇವೆ. ೨೭ ತಿರುವುಗಳ ದಿಂಬಂ ಘಟ್ಟದಲ್ಲಿ ರಾತ್ರಿ ವಾಹನಗಳಡಿ ಪ್ರಾಣಿಗಳು ಸಾಯುತ್ತಿದ್ದುದರಿಂದ, ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೨೨ರಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂತು. ಬೈಗಿನಿಂದ ಬೆಳಗಿನ ವರೆಗೆ ಕಾಡಿನ ಹೊತ್ತೆಂದು ಅಜ್ಜಿ ಹೇಳುತ್ತಿದ್ದುದನ್ನೇ ನ್ಯಾಯಾಲಯವೂ ಹೇಳಿತೆನ್ನಬೇಕು. ಆದರೆ ಅದೇ ೨೦೨೨ರಲ್ಲಿ ಅಭಯಾರಣ್ಯಗಳಲ್ಲಿಯೂ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿಯೂ ದನ ಮೇಯಿಸುವುದನ್ನು ನ್ಯಾಯಾಲಯ ನಿಷೇಧಿಸಿತು. ೨೦೨೪ರಲ್ಲಿ ಬರಗೂರು ಬೆಟ್ಟಗಳನ್ನೊಳಗೊಂಡ ಕಾಡು ತಂದೈ ಪೆರಿಯಾರ್ ಹೆಸರಿನ ಅಭಯಾರಣ್ಯವಾಯಿತು. ಪಟ್ಟಿಗಳ ಗತಿಯೇನೆಂಬ ಚಿಂತೆ ದನಗಾಹಿಗಳನ್ನು ಹಿಡಿದಿದೆ. ಇನ್ನೊಂದು ಕಡೆ, ೨೦೦೬ರ ಅರಣ್ಯ ಹಕ್ಕುಗಳ ಕಾನೂನಿನಂತೆ ೨೦೧೧ರಲ್ಲಿ ಬಿಳಿಗಿರಿಯ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಮುದಾಯಿಕ ಹಕ್ಕುಗಳನ್ನು ಪಡೆದರು. ದೇಶದಲ್ಲಿ ಹುಲಿ ಕಾಡಿನೊಳಗೆ ಇಂತಹ ಹಕ್ಕು ದೊರೆತದ್ದು ಅದೇ ಮೊದಲು. ಕಾಡನ್ನೂ ಕಾಡಿನವರನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿ ಇನ್ನೂ ಮುಚ್ಚಿಹೋಗಿಲ್ಲ.

ಎಲ್ಲೆಗಳನ್ನು ೧೭೯೯ರಲ್ಲಿ ಬರೆದರು, ೧೯೫೬ರಲ್ಲಿ ಅಳಿಸಿ ಬರೆದರು, ೧೯೭೯ರಲ್ಲಿ ಮತ್ತೆ ಬರೆದರು. ಆನೆಗಳು ಮೂರನ್ನೂ ಓದಲಿಲ್ಲ. ಒಕ್ಕಲುಗಳ ಭಾಷೆಯೂ ನೆಂಟಸ್ತಿಕೆಯೂ ಆ ಗೆರೆಗಳನ್ನು ದಾಟಿಯೇ ಉಳಿದುವು. ಉಳಿಯುವುದೋ ಇಲ್ಲವೋ ಎಂಬ ಸಂದೇಹವಿರುವುದು ಆ ಭಾಷೆಯೊಳಗೆ ಅಡಗಿರುವ ತಿಳಿವಿನ ವಿಷಯದಲ್ಲಿ. ಒರತೆ, ಹಗೇವು, ಪಟ್ಟಿ, ಪೋಡು, ತರಗುಬೆಂಕಿ, ಅಟ್ಟಣೆ ಎಂಬ ಮಾತುಗಳು ಪಠ್ಯಪುಸ್ತಕದಲ್ಲಿ ಅಪರೂಪ. ಆಡುವವರು ಹೋದರೆ ಮಾತು ಹೋಗುತ್ತದೆ. ಮಾತು ಹೋದರೆ ನೀರಿನ ಜಾಗವನ್ನು ಹೇಳಿಕೊಡುವ ಬಗೆಯೂ ಹೋಗುತ್ತದೆ. ಗಿರಣಿಗಳೂ ಕಾಲೇಜುಗಳೂ ವಿಮಾನ ನಿಲ್ದಾಣವೂ ಇರುವ ಪೀಳಮೇಡಿನಲ್ಲಿ ಕುಳಿತ ನಮಗೆ ನಲ್ಲಿಯನ್ನು ತಿರುಗಿಸಿದರೆ ನೀರು ಬರುವುದರಿಂದ ಇದು ದೊಡ್ಡ ನಷ್ಟವೆಂದು ತೋರದಿರಬಹುದು. ತರಂಗಿರೆಯ ಮರಿಗಳಿಗೂ ಮಳೆ ಬಂದ ವರುಷಗಳಲ್ಲಿ ಹಾಗೆಯೇ ತೋರಿರಬೇಕು.

ಆದುದರಿಂದ ಕನ್ನಡ ಮಾಧ್ಯಮದ ಉಪಾಧ್ಯಾಯರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಬೇಸಿಗೆಯ ರಜೆಯಲ್ಲಿ ಘಟ್ಟದ ಮೇಲಿನ ನೆಂಟರ ಮನೆಗೆ ಹೋಗುವವರು ಒಂದು ನೋಟುಬುಕ್ಕನ್ನು ಜೊತೆಗೆ ಒಯ್ಯಲಿ. ಮನೆಯ ಹಿರಿಯರನ್ನು, ವಿಶೇಷವಾಗಿ ಅಜ್ಜಿಯರನ್ನು ಕೇಳಲಿ: ಬರದ ವರುಷದಲ್ಲಿ ಯಾವ ಹಳ್ಳದ ಯಾವ ತಿರುವಿನಲ್ಲಿ ಒರತೆ ತೋಡಿದಿರಿ? ಯಾವ ಹೊತ್ತಿಗೆ ಹೋಗಿ ಯಾವ ಹೊತ್ತಿಗೆ ಮರಳುತ್ತಿದ್ದಿರಿ? ಯಾವ ಗೆಡ್ಡೆಯನ್ನು ಹೇಗೆ ಬೇಯಿಸಿದಿರಿ? ಆನೆ ಬಂದ ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸಿದಿರಿ? ಉತ್ತರಗಳನ್ನು ಅವರ ಮಾತಿನಲ್ಲಿಯೇ, ತಿದ್ದದೆ, ಊರಿನ ಹೆಸರು ಮತ್ತು ತೇದಿಯೊಂದಿಗೆ ಬರೆದುಕೊಳ್ಳಲಿ. ಉಪಾಧ್ಯಾಯರು ಅವುಗಳನ್ನು ಕೂಡಿಸಿ ಶಾಲೆಯಲ್ಲಿ ಇಟ್ಟುಕೊಳ್ಳಲಿ. ರಾಜರ ಚರಿತ್ರೆಗೆ ಶಾಸನಗಳಿವೆ, ಸರಕಾರದ ಚರಿತ್ರೆಗೆ ಕಡತಗಳಿವೆ. ಒಕ್ಕಲುಗಳ ಚರಿತ್ರೆಗೆ ಹಿರಿಯರ ನೆನಪೊಂದೇ ಆಧಾರ. ಆ ಆಧಾರವು ಜಗಲಿಯ ಮೇಲೆ ಇನ್ನೂ ಕುಳಿತಿರುವಾಗಲೇ ಹೋಗಿ ಕೇಳಿ ಬರೆದುಕೊಳ್ಳುವುದು ನಮ್ಮ ಪಾಲಿನ ಕೆಲಸ.